ಬಟ್ಟೆ ಒಗೆತ: ನೀರು, ವಿದ್ಯುತ್ತು, ಪರಿಸರ

ಉಟ್ಟ ಬಟ್ಟೆಗೆ ಹತ್ತಿದ ಕೊಳೆ, ಬೆವರು, ಜಿಡ್ಡುಗಳನ್ನು ನೀರು ಮತ್ತು ಮಾರ್ಜಕದ ನೆರವಿನಿಂದ ಬಿಡಿಸಿ, ಜಾಲಿಸಿ, ಹಿಂಡಿ, ಒಣಗಿಸುವ ಕೆಲಸವೇ ಒಗೆತ. ಇದನ್ನು ಕಡಮೆ ನೀರು, ಕಡಮೆ ವಿದ್ಯುತ್ತು, ಕಡಮೆ ರಾಸಾಯನಿಕಗಳಲ್ಲಿ ಮುಗಿಸುವುದು, ಬಟ್ಟೆಯ ಆಯುಸ್ಸನ್ನು ಉಳಿಸುವುದು, ಹೊರಹೋಗುವ ನೀರಿನಿಂದ ಕೆರೆ ಹೊಳೆಗಳು ಕೆಡದಂತೆ ನೋಡಿಕೊಳ್ಳುವುದು ಇಂದು ಮನೆವಾರ್ತೆಯ ಜೊತೆಗೆ ನಗರಾಡಳಿತದ ಪ್ರಶ್ನೆಯೂ ಆಗಿದೆ. ಈ ವಿಷಯದ ಬಹುಪಾಲು ಸಲಹೆಗಳು ಯುರೋಪ್ ಮತ್ತು ಅಮೆರಿಕದಲ್ಲಿ ಹುಟ್ಟಿದವು. ಅಲ್ಲಿ ನಲ್ಲಿಯ ನೀರು ತಣ್ಣಗಿರುತ್ತದೆ, ಅದನ್ನು ಕಾಯಿಸಬೇಕು. ಬಿಸಿಲು ಸಾಲದು, ಬಟ್ಟೆಯನ್ನು ಯಂತ್ರದಲ್ಲಿ ಒಣಗಿಸಬೇಕು. ಆದ್ದರಿಂದ ಅಲ್ಲಿನ ಉಳಿತಾಯವೆಲ್ಲ ಶಾಖದ ಉಳಿತಾಯ. ಕರ್ನಾಟಕದ ಬಹುತೇಕ ಮನೆಗಳಲ್ಲಿ ನೀರು ಕಾಯಿಸದೆಯೇ ಒಗೆಯುತ್ತಾರೆ, ಬಿಸಿಲಲ್ಲೇ ಒಣಹಾಕುತ್ತಾರೆ. ಇಲ್ಲಿ ಉಳಿಸಬೇಕಾದದ್ದು ಮೊದಲಿಗೆ ನೀರು, ಆಮೇಲೆ ಮಾರ್ಜಕದ ಪುಡಿ. ನೀರು ಉಳಿದರೆ ವಿದ್ಯುತ್ತು ತಾನಾಗಿ ಉಳಿಯುತ್ತದೆ.

ಒಗೆತದ ನಾಲ್ಕು ಅಂಶಗಳು

ಜರ್ಮನಿಯ ಹೆಂಕೆಲ್ ಸಂಸ್ಥೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಒಗೆತವನ್ನು ಒಂದು ವೃತ್ತದ ನಾಲ್ಕು ಭಾಗಗಳಾಗಿ ವಿವರಿಸಿದ: ಸಮಯ, ಶಾಖ, ರಾಸಾಯನಿಕ, ಉಜ್ಜುವ ಬಲ. ವೃತ್ತ ಯಾವಾಗಲೂ ತುಂಬಿರಬೇಕು. ಒಂದನ್ನು ಕುಗ್ಗಿಸಿದರೆ ಮತ್ತೊಂದು ಹಿಗ್ಗಬೇಕು. ಬಿಸಿನೀರು ಬೇಡವೆಂದರೆ ಹೆಚ್ಚು ಹೊತ್ತು ನೆನೆಹಾಕಬೇಕು, ಇಲ್ಲವೇ ಚೆನ್ನಾಗಿ ಉಜ್ಜಬೇಕು, ಇಲ್ಲವೇ ಹೆಚ್ಚು ಸಮರ್ಥವಾದ ಮಾರ್ಜಕ ಬೇಕು. ಸರಳ ಚಿತ್ರ, ಆದರೆ ಒಗೆತದ ಬಗೆಗಿನ ಗೊಂದಲಗಳಲ್ಲಿ ಅರ್ಧವನ್ನು ಇದೊಂದೇ ಪರಿಹರಿಸುತ್ತದೆ. ಹೊಸ ಯಂತ್ರಗಳ ಮಿತವ್ಯಯದ ಕಾರ್ಯಕ್ರಮ ಮೂರು ಗಂಟೆಗೂ ಹೆಚ್ಚು ಕಾಲ ಓಡುವುದನ್ನು ಕಂಡು ವಿದ್ಯುತ್ತು ಪೋಲಾಗುತ್ತಿದೆಯೆಂದು ಹಲವರು ಅದನ್ನು ಬಿಟ್ಟು ಅರ್ಧ ಗಂಟೆಯ ತ್ವರಿತ ಒಗೆತಕ್ಕೆ ಹೋಗುತ್ತಾರೆ. ಮೋಟಾರು ತಿರುಗಲು ಬೇಕಾದ ವಿದ್ಯುತ್ತು ಅತ್ಯಲ್ಪ. ಆ ದೀರ್ಘ ಸಮಯ ಶಾಖದ ಬದಲಿಗೆ ಬಂದದ್ದು.

ಹಳೆಯ ಕ್ರಮಗಳು

ಸಿನ್ನರ್ ಹೇಳುವ ಮೊದಲೇ ಈ ಲೆಕ್ಕ ಮಡಿವಾಳರ ಕೈಯಲ್ಲಿತ್ತು. ಅವರ ಕಸುಬಿನ ಘನತೆಗೆ ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರ ಹೆಸರು ಸಾಕ್ಷಿಯಾಗಿದೆ. ಕರ್ನಾಟಕದ ಬಯಲುಸೀಮೆಯಲ್ಲಿ ಚೌಳು ಮಣ್ಣನ್ನು ನೀರಿನಲ್ಲಿ ಕದಡಿ, ತಿಳಿಯಾದ ಮೇಲಿನ ನೀರನ್ನು ಬಸಿದು ಬಟ್ಟೆಗೆ ಬಳಸುತ್ತಿದ್ದರು. ಆ ಮಣ್ಣಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್, ಅಂದರೆ ಇಂದಿನ ವಾಷಿಂಗ್ ಸೋಡ. ಕಟ್ಟಿಗೆಯ ಬೂದಿಯಿಂದ ಇಳಿಸಿದ ಕ್ಷಾರದ ನೀರಿಗೂ ಇದೇ ಕೆಲಸ. ಕ್ಷಾರ ಜಿಡ್ಡನ್ನು ಸಾಬೂನಾಗಿ ಮಾರ್ಪಡಿಸುತ್ತದೆ, ಆಮೇಲೆ ಅದು ನೀರಿನ ಜೊತೆ ಹೋಗುತ್ತದೆ. ಹೆಚ್ಚು ಕೊಳೆಯಾದ ಬಿಳಿ ಬಟ್ಟೆಗಳಿಗೆ ಉಬ್ಬೆ: ಕ್ಷಾರದಲ್ಲಿ ಅದ್ದಿದ ಬಟ್ಟೆಗಳನ್ನು ನೀರು ಕುದಿಯುವ ಹಂಡೆಯ ಬಾಯಿಯ ಮೇಲೆ ಒಟ್ಟಿ, ಮುಚ್ಚಿ, ಆವಿ ಹಾಯಿಸುವ ಕ್ರಮ. ರಾಶಿ ಬಟ್ಟೆಗೆ ಸ್ವಲ್ಪ ನೀರಷ್ಟೇ ಕಾಯಬೇಕಾಗಿದ್ದರಿಂದ ಸೌದೆಯೂ ಮಿತವಾಗಿ ಸಾಕಾಗುತ್ತಿತ್ತು. ಆಮೇಲೆ ಕಲ್ಲಿಗೆ ಬಡಿದು, ಹರಿಯುವ ನೀರಲ್ಲಿ ಜಾಲಿಸಿ, ಹುಲ್ಲಿನ ಮೇಲೆ ಹರವುತ್ತಿದ್ದರು.

ರೇಷ್ಮೆ ಮತ್ತು ಉಣ್ಣೆಗೆ ಕ್ಷಾರ ಆಗದು. ಅವುಗಳಿಗೆ ಅಂಟುವಾಳ. ಅಂಟುವಾಳದ ಕಾಯಿಯ ಸಿಪ್ಪೆಯಲ್ಲಿರುವ ಸಪೋನಿನ್ ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸಿ ನೊರೆ ತರುತ್ತದೆ, ನೂಲಿಗೆ ನೋವಿಲ್ಲದೆ ಕೊಳೆ ಬಿಡಿಸುತ್ತದೆ. ಮೈಸೂರು ರೇಷ್ಮೆ ಸೀರೆಗೆ ಈಗಲೂ ಅಂಟುವಾಳವನ್ನೇ ನೆಚ್ಚುವ ಮನೆಗಳಿವೆ. ಎಣ್ಣೆಯ ಕಲೆ, ಹೆಚ್ಚು ಕೊಳೆಯ ಹತ್ತಿ ಬಟ್ಟೆಗಳಿಗೆ ಮಾತ್ರ ಇದರ ಶಕ್ತಿ ಸಾಲದು. ಸಸ್ಯಮೂಲದ್ದೆಂದ ಮಾತ್ರಕ್ಕೆ ಇದು ನಿರಪಾಯವೂ ಅಲ್ಲ. ಸಪೋನಿನ್ ಮೀನುಗಳಿಗೆ ವಿಷ, ಹಿಂದೆ ಮೀನು ಹಿಡಿಯಲು ಇಂಥ ಕಾಯಿಗಳನ್ನು ಅರೆದು ಮಡುವಿಗೆ ಹಾಕುತ್ತಿದ್ದರು. ಅಂಟುವಾಳದ ನೀರನ್ನೂ ನೇರವಾಗಿ ಕೆರೆಗೆ ಬಿಡುವಂತಿಲ್ಲ.

ಹಳೆಯ ಕ್ರಮಗಳನ್ನು ಹೊಗಳುವಾಗ ಆ ದುಡಿಮೆಯ ಭಾರವನ್ನು ಮರೆಯಬಾರದು. ಹೊಳೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ದಿನವಿಡೀ ಬಡಿದವರ ಬೆನ್ನು, ಕೈಬೆರಳ ಸಂದುಗಳನ್ನು ಕ್ಷಾರ ತಿಂದ ಗಾಯ, ಮನೆಯ ಹೆಂಗಸರು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆದ ಬೆಳಗುಗಳು ಇವೆಲ್ಲ ಆ ಲೆಕ್ಕದಲ್ಲಿ ಸೇರಬೇಕು. ತೊಳೆಯುವ ಯಂತ್ರ ಹೆಂಗಸರಿಗೆ ಕೊಟ್ಟ ಬಿಡುವು ಸಣ್ಣದಲ್ಲ. ವಿದ್ಯುತ್ತು ಬೇಡದೆ ಕೈಯಿಂದ ತಿರುಗಿಸುವ ಯಂತ್ರಗಳ ಪ್ರಯತ್ನವೂ ನಡೆದಿದೆ. ಬ್ರಿಟನ್ನಿನ ಎಂಜಿನಿಯರ್ ನವಜೋತ್ ಸಾಹ್ನಿ ತಮಿಳುನಾಡಿನ ಕುಯಿಲಪಾಳ್ಯಂನಲ್ಲಿದ್ದಾಗ ಪಕ್ಕದ ಮನೆಯ ಹೆಣ್ಣುಮಗಳು ಕೈಯಲ್ಲಿ ಒಗೆಯುವ ಕಷ್ಟ ಕಂಡು ಅಂಥದ್ದೊಂದನ್ನು ರೂಪಿಸಿ ಅದಕ್ಕೆ ಆಕೆಯ ಹೆಸರಾದ ‘ದಿವ್ಯಾ’ ಎಂದೇ ಹೆಸರಿಟ್ಟರು. ಇಂದು ಅದು ನಿರಾಶ್ರಿತರ ಶಿಬಿರಗಳಲ್ಲಿ ಬಳಕೆಯಲ್ಲಿದೆ.

ಸೋಪಿನಿಂದ ಡಿಟರ್ಜೆಂಟಿಗೆ

ಸೋಪಿಗೆ ಗಡಸು ನೀರು ಶತ್ರು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನೊಂದಿಗೆ ಕೂಡಿ ಬೂದು ಬಣ್ಣದ ಗಷ್ಟಾಗಿ ಬಟ್ಟೆಗೇ ಅಂಟುತ್ತವೆ, ನೊರೆ ಏಳುವುದಿಲ್ಲ. ಪೆಟ್ರೋಲಿಯಂ ಮೂಲದ ಡಿಟರ್ಜೆಂಟುಗಳು ಗಡಸು ನೀರಿನಲ್ಲೂ ಕೆಲಸ ಮಾಡುತ್ತವೆಂಬುದೇ ಅವುಗಳ ಜಯಕ್ಕೆ ಕಾರಣ. 1907ರಲ್ಲಿ ಹೆಂಕೆಲ್ ಹೊರತಂದ ‘ಪರ್ಸಿಲ್’ ಸೋಪಿನ ಪುಡಿಗೆ ಪರ್ಬೊರೇಟ್ ಮತ್ತು ಸಿಲಿಕೇಟ್ ಸೇರಿಸಿ, ಉಜ್ಜದೆಯೇ ಕುದಿಸಿ ಒಗೆಯುವ ದಾರಿ ತೋರಿಸಿತು. ಪೂರ್ಣ ಸಂಶ್ಲೇಷಿತ ಪುಡಿಗಳು ಎರಡನೆಯ ಮಹಾಯುದ್ಧದ ಸುಮಾರಿಗೆ ಬಂದವು. ಭಾರತದಲ್ಲಿ ‘ಸರ್ಫ್’ 1959ರಲ್ಲಿ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ ತಮ್ಮ ಮನೆಯಲ್ಲೇ ಬೆರೆಸಿ ಸೈಕಲ್ ಮೇಲೆ ಮಾರಲು ತೊಡಗಿದ ‘ನಿರ್ಮಾ’ ಬಡವರ ಮನೆಗೂ ಪುಡಿಯನ್ನು ತಲುಪಿಸಿತು. ಸೋಡ ಹೆಚ್ಚಾಗಿದ್ದ ಅಗ್ಗದ ಪುಡಿಗಳು ಕೈಗೆ ಉರಿ ತಂದರೂ ಸೋಪಿನ ಬಾರನ್ನು ಹಿಂದಕ್ಕೆ ತಳ್ಳಿದವು.

ತಣ್ಣೀರ ಒಗೆತವನ್ನು ನಿಜವಾಗಿ ಸಾಧ್ಯ ಮಾಡಿದ್ದು ಕಿಣ್ವಗಳು. ಜರ್ಮನಿಯ ಓಟೊ ರೋಮ್ 1913ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಒಗೆತಕ್ಕೆ ಬಳಸುವ ಹಕ್ಕುಪತ್ರ ಪಡೆದ. ಕ್ಷಾರದ ನೀರಿನಲ್ಲೂ ಬಾಳುವ, ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವಗಳು 1960ರ ದಶಕದಲ್ಲಿ ಬಳಕೆಗೆ ಬಂದವು. ಇಂದಿನ ಒಳ್ಳೆಯ ಪುಡಿಯಲ್ಲಿ ರಕ್ತ, ಬೆವರು, ಹಾಲಿನ ಕಲೆಗೆ ಪ್ರೋಟಿಯೇಸ್, ಅನ್ನ-ಸಾರಿನ ಪಿಷ್ಟಕ್ಕೆ ಅಮೈಲೇಸ್, ಎಣ್ಣೆಗೆ ಲೈಪೇಸ್, ಹತ್ತಿಯ ಮೇಲೆ ಎದ್ದ ಜುಂಗನ್ನು ಕತ್ತರಿಸಲು ಸೆಲ್ಯುಲೇಸ್ ಇರುತ್ತವೆ. ಇವು ಇಪ್ಪತ್ತು ಮೂವತ್ತು ಡಿಗ್ರಿಯಲ್ಲೂ ದುಡಿಯುತ್ತವೆ, ಆದರೆ ಸಮಯ ಕೇಳುತ್ತವೆ. ಆದ್ದರಿಂದ ಅರ್ಧ ಗಂಟೆ ನೆನೆಸುವ ಹಳೆಯ ರೂಢಿ ಕಿಣ್ವಯುಗದಲ್ಲಿ ಇನ್ನಷ್ಟು ಅರ್ಥಪೂರ್ಣವಾಗಿದೆ. ಕುದಿಯುವ ನೀರನ್ನು ಪುಡಿಯ ಮೇಲೆ ಸುರಿದರೆ ಕಿಣ್ವ ಸತ್ತೇ ಹೋಗುತ್ತದೆ. ಬೆಲೆ ಕೊಟ್ಟು ತಂದ ಪುಡಿಯ ಅರ್ಧ ಗುಣ ಅಲ್ಲಿಗೇ ಮುಗಿಯಿತು.

ಬಿಳುಪಿನ ಬಗ್ಗೆ ಒಂದು ಮಾತು. ನೀಲಿ ಹಾಕುವುದೂ ಪುಡಿಯಲ್ಲಿರುವ ಹೊಳಪುಕಾರಕವೂ ಕೊಳೆ ತೆಗೆಯುವುದಿಲ್ಲ, ಬಟ್ಟೆ ಕಣ್ಣಿಗೆ ಬಿಳಿಯಾಗಿ ಕಾಣುವಂತೆ ಮಾಡುತ್ತವೆ ಅಷ್ಟೆ. ನೊರೆಯ ಪ್ರಮಾಣಕ್ಕೂ ಶುಚಿಗೂ ನೇರ ಸಂಬಂಧವಿಲ್ಲ. ನೊರೆ ಹೆಚ್ಚಾದಷ್ಟೂ ಜಾಲಿಸುವ ನೀರು ಹೆಚ್ಚು. ಪುಡಿಯ ಪೊಟ್ಟಣದೊಳಗಿನ ಅಳತೆ ಚಮಚವನ್ನು ಅಂಚು ಮೀರಿ ತುಂಬುವ ಅಭ್ಯಾಸವೊಂದನ್ನು ಬಿಟ್ಟರೆ ಹಲವು ಮನೆಗಳಲ್ಲಿ ಒಂದು ಸುತ್ತಿನ ಜಾಲಿಕೆಯೇ ಉಳಿಯುತ್ತದೆ.

ವಿದ್ಯುತ್ತು ಹೋಗುವ ದಾರಿ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಲು 1.16 ವ್ಯಾಟ್-ಗಂಟೆ ಬೇಕು. ಇದು ಯಾವ ಕಂಪನಿಯ ಯಂತ್ರಕ್ಕೂ ಬದಲಾಗದ ನಿಯಮ. ಮುಂಬಾಗಿಲ ಯಂತ್ರವೊಂದು ಮುಖ್ಯ ಒಗೆತಕ್ಕೆ 15 ಲೀಟರ್ ನೀರು ತುಂಬಿಕೊಂಡಿತೆನ್ನೋಣ. 24 ಡಿಗ್ರಿಯ ನಲ್ಲಿ ನೀರನ್ನು 60 ಡಿಗ್ರಿಗೆ ಏರಿಸಲು 0.63 ಯೂನಿಟ್, ಅಂದರೆ 630 ವ್ಯಾಟ್-ಗಂಟೆ ಬೇಕು. 40 ಡಿಗ್ರಿ ಸಾಕೆಂದರೆ 0.28 ಯೂನಿಟ್. ಕಾಯಿಸುವುದೇ ಬೇಡವೆಂದರೆ ಉಳಿಯುವುದು ಮೋಟಾರು ಮತ್ತು ಪಂಪಿನ ಖರ್ಚು, ಯೂನಿಟ್ಟಿನ ಹತ್ತರಲ್ಲಿ ಒಂದೆರಡು ಭಾಗ. ಉತ್ತರ ಯುರೋಪಿನಲ್ಲಿ ನಲ್ಲಿ ನೀರು 10 ಡಿಗ್ರಿಯ ಸುಮಾರಿನಲ್ಲಿರುವುದರಿಂದ ಅದೇ 60 ಡಿಗ್ರಿಗೆ ಅಲ್ಲಿ 0.87 ಯೂನಿಟ್ ತಗಲುತ್ತದೆ. 2000ದ ದಶಕದ ನಡುವಿನಿಂದ ಅಲ್ಲಿನ ಕಂಪನಿಗಳೂ ಸರ್ಕಾರಗಳೂ ‘30 ಡಿಗ್ರಿಗೆ ಇಳಿಸಿ’ ಎಂದು ಪ್ರಚಾರ ಮಾಡಿದ್ದು ಇದಕ್ಕಾಗಿಯೇ. ನಮ್ಮ ಮಹಡಿಯ ಕಪ್ಪು ಟ್ಯಾಂಕಿನಲ್ಲಿ ಏಪ್ರಿಲ್ ಮಧ್ಯಾಹ್ನದ ನೀರು ಯಾರ ಹಂಗಿಲ್ಲದೆ 30 ಡಿಗ್ರಿ ಮುಟ್ಟಿರುತ್ತದೆ.

ಹಾಗಾದರೆ ಇಲ್ಲಿ ವಿದ್ಯುತ್ತಿನ ಪೋಲು ಇಲ್ಲವೇ? ಇದೆ, ಮುಖ್ಯವಾಗಿ ಮುಂಬಾಗಿಲ ಯಂತ್ರದ ಒತ್ತುಗುಂಡಿಯಲ್ಲಿ. ಯುರೋಪಿನ ರೂಢಿಯಲ್ಲಿ ಸಿದ್ಧವಾದ ಈ ಯಂತ್ರಗಳ ‘ಕಾಟನ್’ ಕಾರ್ಯಕ್ರಮ ಆನ್ ಮಾಡಿದೊಡನೆ 40 ಅಥವಾ 60 ಡಿಗ್ರಿಯಲ್ಲಿ ನಿಲ್ಲುತ್ತದೆ. ಅದನ್ನು ಪ್ರತಿ ಸಲ ‘ಕೋಲ್ಡ್’ಗೆ ಇಳಿಸಬೇಕು, ಅಥವಾ ಯಂತ್ರದಲ್ಲಿ ಆ ಆಯ್ಕೆಯನ್ನು ಉಳಿಸಿಡಬೇಕು. ಮೇಲ್ಬಾಗಿಲ ಯಂತ್ರಗಳಲ್ಲಿ ಅನೇಕಕ್ಕೆ ಹೀಟರೇ ಇಲ್ಲ. ಹೀಗಾಗಿ ವಿದ್ಯುತ್ ಬಿಲ್ಲಿನಲ್ಲಿ ಅವು ಮಿತವ್ಯಯಿಗಳಂತೆ ಕಾಣುತ್ತವೆ, ನೀರಿನಲ್ಲಿ ಮಾತ್ರ ದುಂದು.

ಬಿಸಿನೀರು ಬೇಕಾಗುವ ಸಂದರ್ಭಗಳೂ ಇವೆ. ಆಸ್ಪತ್ರೆಯ ಹಾಸುಬಟ್ಟೆ, ಸೋಂಕು ತಗಲಿದವರ ಬಟ್ಟೆ, ಮಗುವಿನ ಬಟ್ಟೆ ನ್ಯಾಪಿ, ಧೂಳುನುಸಿಯ ಅಲರ್ಜಿ ಇರುವವರ ಹೊದಿಕೆಗಳಿಗೆ 60 ಡಿಗ್ರಿ ಸೂಕ್ತ. ಬೆಂಗಳೂರಿನ ಎಷ್ಟೋ ಮನೆಗಳ ಮಾಳಿಗೆಯ ಮೇಲೆ ಸೌರ ನೀರುಕಾಯಕಗಳಿವೆ. ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ ಬಳಸದೆ ಉಳಿದ ಬಿಸಿನೀರಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಹುಡುಕುವುದು ಕಷ್ಟ. ಬಕೆಟ್ಟಿನಲ್ಲಿ ನೆನೆಸಲು ಅದನ್ನು ಹಿಡಿದರೆ ಸಾಕು. ಬಿಸಿ ಮತ್ತು ತಣ್ಣೀರಿಗೆ ಬೇರೆ ಬೇರೆ ಕೊಳವೆಯಿರುವ ಯಂತ್ರಗಳೂ ಸಿಗುತ್ತವೆ. ಜಪಾನಿನಲ್ಲಿ ಮನೆಮಂದಿ ಮಿಂದ ತೊಟ್ಟಿಯ ಉಗುರುಬೆಚ್ಚಗಿನ ನೀರನ್ನು ಸಣ್ಣ ಪಂಪಿನಿಂದ ಒಗೆಯುವ ಯಂತ್ರಕ್ಕೆ ಎಳೆದುಕೊಳ್ಳುತ್ತಾರೆ, ಅದಕ್ಕೆ ತಕ್ಕ ಕೊಳವೆ ಅಲ್ಲಿನ ಅನೇಕ ಯಂತ್ರಗಳ ಜೊತೆಗೇ ಬರುತ್ತದೆ. ನೀರೂ ಉಳಿಯಿತು, ಶಾಖವೂ ಉಳಿಯಿತು.

ನೀರಿನೊಳಗಿನ ವಿದ್ಯುತ್ತು

ಬೆಂಗಳೂರಿಗೆ ಕಾವೇರಿ ನೀರು ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಮೂರು ಹಂತಗಳ ಪಂಪುಗಳಲ್ಲಿ ಸುಮಾರು 500 ಮೀಟರ್ ಎತ್ತುವಷ್ಟು ಒತ್ತಡ ಕೊಟ್ಟು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಕನಿಷ್ಠ 1.36 ಯೂನಿಟ್ ಬೇಕು. ಪಂಪಿನ ನಷ್ಟ ಸೇರಿಸಿದರೆ ಎರಡು ಯೂನಿಟ್ಟಿನ ಹತ್ತಿರ. ಒಂದು ಪೂರ್ಣ ತುಂಬಿದ ಮೇಲ್ಬಾಗಿಲ ಯಂತ್ರ ಒಂದು ಸರದಿಗೆ 100ರಿಂದ 150 ಲೀಟರ್ ಕುಡಿಯುತ್ತದೆ, ಮುಂಬಾಗಿಲದ್ದು 50ರಿಂದ 70 ಲೀಟರ್. 130 ಲೀಟರ್ ಬಳಸಿದ ಮನೆ ಕಾವೇರಿಯನ್ನು ಎತ್ತಲು ಕಾಲು ಯೂನಿಟ್ಟಿನಷ್ಟು ಖರ್ಚು ಮಾಡಿಸಿದಂತಾಯಿತು. ಯಂತ್ರದ ಮೋಟಾರು ಉಂಡದ್ದಕ್ಕಿಂತ ಇದು ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ಮನೆಯ ಮೀಟರಿನಲ್ಲಿ ಇದು ಕಾಣುವುದಿಲ್ಲ, ಜಲಮಂಡಳಿಯ ವಿದ್ಯುತ್ ಬಿಲ್ಲಿನಲ್ಲಿ ಕಾಣುತ್ತದೆ.

ಕೋಲಾರ, ಚಿಕ್ಕಬಳ್ಳಾಪುರಗಳ ಸಾವಿರ ಅಡಿಯ ಕೊಳವೆಬಾವಿಗಳದ್ದೂ ಇದೇ ಕಥೆ. 300 ಮೀಟರ್ ಆಳದಿಂದ ಸಾವಿರ ಲೀಟರ್ ಮೇಲೆತ್ತಲು ಲೆಕ್ಕದ ಪ್ರಕಾರ 0.8 ಯೂನಿಟ್. ಹಳೆಯ ಸಬ್‌ಮರ್ಸಿಬಲ್ ಪಂಪು ಅದರ ಎರಡು ಪಟ್ಟು ತಿನ್ನುತ್ತದೆ. ಮೇಲೆ ಬಂದ ನೀರೂ ಗಡಸು. ಗಡಸು ನೀರಿಗೆ ಪುಡಿ ಹೆಚ್ಚು ಬೇಕು, ಹೆಚ್ಚು ಪುಡಿಗೆ ಹೆಚ್ಚು ಜಾಲಿಕೆ, ಜಾಲಿಸಲು ಮತ್ತೆ ಅದೇ ನೀರು. ಹೀಟರಿನ ಸುರುಳಿಗೆ ಸುಣ್ಣ ಕಟ್ಟುವುದು ಬೇರೆ.

ಈ ಸುತ್ತನ್ನು ಕಡಿಯುವ ಸುಲಭ ಉಪಾಯ ಮಳೆನೀರು. ಆಕಾಶದಿಂದ ಬೀಳುವ ನೀರಿನಲ್ಲಿ ಗಡಸುತನವಿಲ್ಲ, ಅರ್ಧ ಪುಡಿಗೇ ಬಟ್ಟೆ ಶುಭ್ರವಾಗುತ್ತದೆ. ಬೆಂಗಳೂರಿನಲ್ಲಿ ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹವನ್ನು 2009ರಲ್ಲಿ ಕಾನೂನಿನಿಂದ ಕಡ್ಡಾಯ ಮಾಡಲಾಯಿತು. ಅದಕ್ಕೂ ಬಹಳ ಮೊದಲೇ, 1990ರ ದಶಕದಲ್ಲಿ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ.ಆರ್. ಶಿವಕುಮಾರ್ ವಿಜಯನಗರ ಬಡಾವಣೆಯ ತಮ್ಮ ‘ಸೌರಭ’ ಮನೆಯಲ್ಲಿ ಮಳೆನೀರನ್ನೇ ನಂಬಿ ಸಂಸಾರ ನಡೆಸಿ ತೋರಿಸಿದರು. ಕುಡಿಯಲು ಮಳೆನೀರು ಬಳಸಲು ಹಿಂಜರಿಯುವವರು ಕೂಡ ಒಗೆಯಲು ಹಿಂಜರಿಯಬೇಕಾಗಿಲ್ಲ.

ಯಂತ್ರದ ಆಯ್ಕೆಯಲ್ಲಿ ಮುಂಬಾಗಿಲ ಯಂತ್ರ ತಣ್ಣೀರಿನಲ್ಲಿ ಓಡಿದರೆ ನೀರು, ವಿದ್ಯುತ್ತು, ಪುಡಿ ಮೂರರಲ್ಲೂ ಮುಂದೆ. ಡ್ರಮ್ಮು ಬಟ್ಟೆಯನ್ನು ಎತ್ತಿ ಎತ್ತಿ ಬೀಳಿಸುವುದರಿಂದ ಬಟ್ಟೆ ಮುಳುಗುವಷ್ಟು ನೀರು ಅದಕ್ಕೆ ಬೇಡ. ಬೆಲೆ ಹೆಚ್ಚು, ರಿಪೇರಿಯೂ ದುಬಾರಿ. ಆದರೆ ಎರಡು ತೊಟ್ಟಿಯ ಅರೆಸ್ವಯಂಚಾಲಿತ ಯಂತ್ರವನ್ನು ಹಳೆಯದೆಂದು ತಳ್ಳಿಹಾಕುವುದು ತಪ್ಪು. ಅದರಲ್ಲಿ ಒಂದೇ ತೊಟ್ಟಿ ಸಾಬೂನು ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಕಾಲೊರಸು ಮತ್ತು ಒರಸುಬಟ್ಟೆ ಒಗೆಯುವ ಜಾಣತನ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿದೆ. ಎರಡನೆಯ ಜಾಲಿಕೆಯ ನೀರನ್ನು ಹಿಡಿದಿಟ್ಟು ಮರುದಿನದ ಮೊದಲ ಒಗೆತಕ್ಕೆ ಹಾಕುವವರೂ ಉಂಟು. ದೊಡ್ಡ ಲಾಂಡ್ರಿಗಳ ಸುರಂಗ ಯಂತ್ರಗಳು ನಡೆಯುವುದು ಇದೇ ತತ್ವದಲ್ಲಿ. ಬಟ್ಟೆ ಒಂದು ದಿಕ್ಕಿಗೆ, ನೀರು ಎದುರು ದಿಕ್ಕಿಗೆ ಸಾಗಿ, ಕೊನೆಯ ಜಾಲಿಕೆಯ ತಿಳಿನೀರೇ ಹಿಂದಿನ ಹಂತದ ಒಗೆತಕ್ಕೆ ಒದಗುತ್ತದೆ. ಆಸ್ಪತ್ರೆ, ಹೋಟೆಲುಗಳ ಬಟ್ಟೆಯನ್ನು ಒಂದೆಡೆ ಒಗೆಯುವುದರಲ್ಲಿ ಈ ಲಾಭವಿದೆ. ಮಲ್ಲೇಶ್ವರದ ದೋಬಿ ಘಾಟಿನಂಥ ಕಡೆಗಳಿಗೆ ಒಳ್ಳೆಯ ಯಂತ್ರ ಮತ್ತು ನೀರಿನ ಶುದ್ಧೀಕರಣ ಘಟಕ ಒದಗಿಸಿದರೆ ಕಸುಬೂ ಉಳಿಯುತ್ತದೆ, ಪ್ರತಿ ಮನೆಯಲ್ಲೂ ಅರ್ಧ ತುಂಬಿದ ಯಂತ್ರ ಓಡುವುದೂ ತಪ್ಪುತ್ತದೆ.

ಕೊಳ್ಳುವವರಿಗೆ ಕೈಪಿಡಿಯೆಂದರೆ ನಕ್ಷತ್ರದ ಚೀಟಿ. ಭಾರತದ ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಶುರುಮಾಡಿದ ನಕ್ಷತ್ರ ಶ್ರೇಣಿಯ ಯೋಜನೆಯಲ್ಲಿ ತೊಳೆಯುವ ಯಂತ್ರಗಳೂ ಸೇರಿವೆ. ಯುರೋಪಿನಲ್ಲಿ 2021ರ ಮಾರ್ಚಿನಿಂದ ಎ ಇಂದ ಜಿ ತನಕದ ಹೊಸ ಬಿಗಿ ಶ್ರೇಣಿ ಜಾರಿಯಲ್ಲಿದೆ, ನೀರಿನ ಲೀಟರನ್ನೂ ಅಲ್ಲಿ ನಮೂದಿಸುತ್ತಾರೆ. ಯಾವ ಚೀಟಿಯೂ ಅರ್ಧ ತುಂಬಿದ ಯಂತ್ರವನ್ನು ರಕ್ಷಿಸಲಾರದು. ಡ್ರಮ್ಮು ಮುಕ್ಕಾಲು ಭಾಗ ತುಂಬಿ ಮೇಲೊಂದು ಅಂಗೈ ಆಡುವಷ್ಟು ಜಾಗ ಉಳಿದಿರಬೇಕು.

ನೊರೆ ಮತ್ತು ಕೆರೆ

1950ರ ದಶಕದಲ್ಲಿ ಜರ್ಮನಿ, ಬ್ರಿಟನ್, ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡಗಳು ತೇಲಿದವು. ಆಗಿನ ಡಿಟರ್ಜೆಂಟಿನ ಅಣು ಕವಲೊಡೆದದ್ದು, ಬ್ಯಾಕ್ಟೀರಿಯಾಗಳು ಅದನ್ನು ಅರಗಿಸಿಕೊಳ್ಳಲಾರವು. ಜರ್ಮನಿ 1961ರಲ್ಲಿ ಕಾನೂನು ಮಾಡಿ, ಜೈವಿಕವಾಗಿ ಕೊಳೆಯುವ ಡಿಟರ್ಜೆಂಟನ್ನೇ ಮಾರಬೇಕೆಂದು ಹೇಳಿತು. 1960ರ ದಶಕದ ನಡುವಿಗೆ ನೇರ ಸರಪಳಿಯ ಅಣುಗಳು ಬಂದು ಆ ನದಿಗಳ ನೊರೆ ತಗ್ಗಿತು. ಇಂದು ನಾವು ಬಳಸುವ ಪುಡಿಯಲ್ಲಿರುವುದೂ ಇದೇ ನೇರ ಸರಪಳಿಯದು. ಹಾಗಿದ್ದೂ ಬೆಳ್ಳಂದೂರು ಕೆರೆಯಲ್ಲಿ ನೊರೆ ಏಕೆ ಎದ್ದಿತು?

ಉತ್ತರ ಆಮ್ಲಜನಕದಲ್ಲಿದೆ. ಈ ಅಣು ಕೊಳೆಯಲು ಗಾಳಿಯಾಡುವ ನೀರು ಬೇಕು. ಬೆಂಗಳೂರಿನ ಆಗ್ನೇಯಕ್ಕಿರುವ, ನಗರದಲ್ಲೇ ಅತಿ ದೊಡ್ಡದಾದ ಬೆಳ್ಳಂದೂರು ಕೆರೆಗೆ ದಶಕಗಳ ಕಾಲ ಸಂಸ್ಕರಿಸದ ಚರಂಡಿ ನೀರು ಹರಿಯಿತು. ಉಸಿರುಗಟ್ಟಿದ ಆ ನೀರಿನಲ್ಲಿ ಡಿಟರ್ಜೆಂಟು ಕೊಳೆಯದೆ ತಳದ ಹೂಳಿಗೆ ಅಂಟಿ ಕೂಡುತ್ತ ಹೋಯಿತು. ದೊಡ್ಡ ಮಳೆ ಬಂದು ಹೂಳು ಕದಡಿ, ಕೋಡಿಯಲ್ಲಿ ನೀರು ಧುಮುಕಿ ಗಾಳಿ ಬೆರೆತಾಗ ಅದುವರೆಗೆ ಕೂಡಿಟ್ಟದ್ದೆಲ್ಲ ನೊರೆಯಾಗಿ ಎದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಕ್ರಿಯೆಯನ್ನು ಅಧ್ಯಯನ ಮಾಡಿ ವಿವರಿಸಿದ್ದಾರೆ. 2015ರ ಸುಮಾರಿಗೆ ನೊರೆ ರಸ್ತೆಗೆ ಹಾರಿ ಬೈಕ್ ಸವಾರರ ಮುಖಕ್ಕೆ ಮೆತ್ತಿಕೊಂಡ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ಕೆಳಗಿನ ವರ್ತೂರು ಕೆರೆಗೂ ಇದೇ ಗತಿ. ಅಲ್ಲಿಂದ ಆ ನೀರು ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಸಾಗುತ್ತದೆ.

ಇನ್ನೊಂದು ಕೇಡು ಫಾಸ್ಫೇಟಿನದು. ನೀರಿನ ಗಡಸನ್ನು ಕಟ್ಟಿಹಾಕಲು ಪುಡಿಗೆ ಸೇರಿಸುವ ಫಾಸ್ಫೇಟ್ ಕೆರೆ ಸೇರಿ ಪಾಚಿ ಮತ್ತು ಜಲಕಳೆಗೆ ಗೊಬ್ಬರವಾಗುತ್ತದೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ಮೀನು ಸಾಯುತ್ತವೆ. ಚರಂಡಿಯ ರಂಜಕದಲ್ಲಿ ಮಲಮೂತ್ರದ ಪಾಲೂ ದೊಡ್ಡದು, ಹೊಣೆಯನ್ನೆಲ್ಲ ಪುಡಿಯ ಮೇಲೆ ಹೊರಿಸುವಂತಿಲ್ಲ. ಆದರೆ ಪುಡಿಯ ಪಾಲನ್ನು ತೆಗೆದುಹಾಕುವುದು ಸುಲಭ. ಅದಕ್ಕೆ ಜಪಾನಿನ ಬಿವಾ ಸರೋವರದ ಉದಾಹರಣೆಯಿದೆ. 1977ರಲ್ಲಿ ಆ ಸರೋವರದಲ್ಲಿ ಕೆಂಪು ಪಾಚಿ ಹಬ್ಬಿ, ಕುಡಿಯುವ ನೀರು ನಾರತೊಡಗಿದಾಗ ಶಿಗಾ ಪ್ರಾಂತದ ಗೃಹಿಣಿಯರು ಡಿಟರ್ಜೆಂಟು ಬಿಟ್ಟು ಸೋಪಿಗೆ ಮರಳುವ ಚಳವಳಿ ಹೂಡಿದರು. ಪ್ರಾಂತದ ಆಡಳಿತ 1979ರಲ್ಲಿ ಫಾಸ್ಫೇಟ್ ಇರುವ ಡಿಟರ್ಜೆಂಟುಗಳ ಮಾರಾಟವನ್ನೂ ಬಳಕೆಯನ್ನೂ ನಿಷೇಧಿಸುವ ಕಾಯಿದೆ ತಂದಿತು, 1980ರಲ್ಲಿ ಅದು ಜಾರಿಯಾಯಿತು. ಆಗದೆಂದು ವಾದಿಸಿದ್ದ ಕಂಪನಿಗಳೇ ಸ್ವಲ್ಪ ಕಾಲದಲ್ಲಿ ಫಾಸ್ಫೇಟ್ ಇಲ್ಲದ, ಜಿಯೊಲೈಟ್ ಬೆರೆಸಿದ ಪುಡಿಯನ್ನು ದೇಶಕ್ಕೆಲ್ಲ ಮಾರಿದವು. ಯುರೋಪಿಯನ್ ಒಕ್ಕೂಟ 2013ರ ಜೂನ್ 30ರಿಂದ ಮನೆಬಳಕೆಯ ಪುಡಿಯಲ್ಲಿ ಒಂದು ಒಗೆತದ ಅಳತೆಗೆ ಅರ್ಧ ಗ್ರಾಂ ರಂಜಕದ ಮಿತಿ ಹಾಕಿದೆ. ಭಾರತ 1991ರಲ್ಲೇ ಪರಿಸರಸ್ನೇಹಿ ವಸ್ತುಗಳಿಗೆ ‘ಇಕೋಮಾರ್ಕ್’ ಮುದ್ರೆ ತಂದಿತು, ಮಣ್ಣಿನ ಮಡಕೆ ಅದರ ಗುರುತು. ಸೋಪು, ಡಿಟರ್ಜೆಂಟುಗಳೂ ಅದರ ವ್ಯಾಪ್ತಿಯಲ್ಲಿದ್ದರೂ ಮುದ್ರೆ ಪಡೆಯುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟ ವಿಷಯವಾದ್ದರಿಂದ ಅಂಗಡಿಯ ಕಪಾಟಿನಲ್ಲಿ ಅದನ್ನು ಕಾಣುವುದು ಅಪರೂಪ. ಬೆಳ್ಳಂದೂರಿನ ನೊರೆಯನ್ನು ನೋಡಿದ ರಾಜ್ಯವೊಂದು ಶಿಗಾ ಪ್ರಾಂತದ ದಾರಿ ಹಿಡಿಯಬೇಕಿತ್ತು.

ಬಟ್ಟೆಯಿಂದ ಉದುರುವ ಎಳೆ

ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಬಟ್ಟೆಗಳು ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ಉದುರಿಸುತ್ತವೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ 6 ಕಿಲೋ ಅಕ್ರಿಲಿಕ್ ಬಟ್ಟೆಯ ಒಂದೇ ಒಗೆತದಲ್ಲಿ 7 ಲಕ್ಷಕ್ಕೂ ಹೆಚ್ಚು ಎಳೆಗಳು ಹೊರಬರಬಹುದೆಂದು ಅಂದಾಜು ಮಾಡಿದರು. ಸಾಗರಗಳಿಗೆ ನೇರವಾಗಿ ಸೇರುವ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಒಗೆತದ್ದೆಂಬುದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ 2017ರ ವರದಿಯ ಅಂದಾಜು. ಹೊಸ ಬಟ್ಟೆಯ ಮೊದಲ ಕೆಲವು ಒಗೆತಗಳಲ್ಲಿ ಎಳೆ ಹೆಚ್ಚು ಬೀಳುತ್ತದೆ. ನೀರು ಹೆಚ್ಚಾದಷ್ಟೂ, ಬಟ್ಟೆ ಕಡಮೆಯಾದಷ್ಟೂ, ಶಾಖ ಏರಿದಷ್ಟೂ ಉದುರುವುದು ಹೆಚ್ಚು. ತುಂಬಿದ ಯಂತ್ರ, ತಣ್ಣೀರು ಇವು ಇಲ್ಲೂ ಅನುಕೂಲವೇ. ಫ್ರಾನ್ಸ್ 2020ರ ಕಾನೂನಿನಲ್ಲಿ ಹೊಸ ಯಂತ್ರಗಳಿಗೆ ಎಳೆ ಹಿಡಿಯುವ ಸೋಸುಕವನ್ನು 2025ರಿಂದ ಕಡ್ಡಾಯ ಮಾಡಲು ಗುರಿ ಹಾಕಿಕೊಂಡಿತು. ಸೋಸುಕದಲ್ಲಿ ಕೂಡಿದ ಜುಂಗನ್ನು ಮತ್ತೆ ನಲ್ಲಿಯ ಕೆಳಗೆ ತೊಳೆದರೆ ಮಾಡಿದ್ದೆಲ್ಲ ವ್ಯರ್ಥ, ಅದು ಒಣಕಸಕ್ಕೆ ಹೋಗಬೇಕು.

ಒಗೆತವನ್ನು ಕಡಮೆ ಮಾಡುವುದೂ ಒಂದು ಕ್ರಮ. ಲೀವೈಸ್ ಕಂಪನಿ 2015ರಲ್ಲಿ ತನ್ನ ಒಂದು ಜೋಡಿ ಜೀನ್ಸಿನ ಆಯುಷ್ಯದ ಲೆಕ್ಕ ಹಾಕಿದಾಗ ಹತ್ತಿ ಬೆಳೆಯಿಂದ ಹಿಡಿದು ಕೊನೆಯವರೆಗೆ 3,781 ಲೀಟರ್ ನೀರು ಬಳಕೆಯಾಗುವುದು ಕಂಡುಬಂತು. ಅದರಲ್ಲಿ ಶೇಕಡಾ 23 ಕೊಂಡವರ ಮನೆಯ ಒಗೆತದ್ದು. ಒಳಉಡುಪು, ಬೆವರಿದ ಅಂಗಿಯನ್ನು ದಿನವೂ ಒಗೆಯಲೇಬೇಕು. ಜೀನ್ಸು, ಶಾಲು, ಒಂದು ಸಂಜೆ ಮದುವೆಗೆ ಉಟ್ಟ ಸೀರೆಗೆ ಗಾಳಿ ನೆರಳು ಸಾಕು.

ಒಣಗಿಸುವುದು ಮತ್ತು ಇಸ್ತ್ರಿ

ಹಿಂಡಿದ ಬಟ್ಟೆಯಲ್ಲಿ ಉಳಿದ ಒಂದು ಕಿಲೋ ನೀರನ್ನು ಆವಿ ಮಾಡಲು 0.63 ಯೂನಿಟ್ಟಿನಷ್ಟು ಶಾಖ ಬೇಕು. ಆರು ಕಿಲೋ ಹತ್ತಿ ಬಟ್ಟೆ ನಿಮಿಷಕ್ಕೆ ಸಾವಿರ ಸುತ್ತಿನ ಹಿಂಡಿಕೆಯ ಮೇಲೂ ಸುಮಾರು 3.6 ಕಿಲೋ ನೀರು ಹಿಡಿದಿರುತ್ತದೆ. ಅದನ್ನು ಸಾಮಾನ್ಯ ಡ್ರೈಯರಿನಲ್ಲಿ ಒಣಗಿಸುವುದೆಂದರೆ ಕನಿಷ್ಠ 2.3 ಯೂನಿಟ್, ತಣ್ಣೀರ ಒಗೆತದ ಹತ್ತಿಪ್ಪತ್ತು ಪಟ್ಟು. ಹೀಟ್ ಪಂಪ್ ಇರುವ ಡ್ರೈಯರು ಸಾಮಾನ್ಯ ಡ್ರೈಯರಿನ ಅರ್ಧದಷ್ಟರಲ್ಲಿ ಮುಗಿಸುತ್ತದೆ. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದನ್ನು ನೆನೆದರೆ ಒಂದು ಹಗ್ಗ, ಹತ್ತು ಕ್ಲಿಪ್ಪುಗಳ ಬೆಲೆ ತಿಳಿಯುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಬಡಾವಣೆ ಸಂಘಗಳು ಹಿತ್ತಿಲಲ್ಲಿ ಬಟ್ಟೆ ಒಣಹಾಕಲು ಬಿಡದ ಅನುಭವ ಹೊಸದಲ್ಲ. ಫ್ಲಾರಿಡಾ, ವರ್ಮಾಂಟ್ ಮುಂತಾದ ರಾಜ್ಯಗಳು ಕಾನೂನಿನಿಂದಲೇ ಆ ಹಕ್ಕನ್ನು ಕಾಪಾಡಿವೆ. ಬೆಂಗಳೂರಿನ ಕೆಲವು ಅಪಾರ್ಟ್‌ಮೆಂಟು ಸಂಘಗಳು ಈಗ ಅದೇ ನಿರ್ಬಂಧವನ್ನು ಇಲ್ಲಿಗೆ ತರುತ್ತಿರುವುದು ವಿವೇಕವಲ್ಲ. ಬಾಲ್ಕನಿಯ ಚೆಂದಕ್ಕಾಗಿ ಬಿಸಿಲನ್ನು ಬಿಟ್ಟು ವಿದ್ಯುತ್ತು ಸುಡುವ ನಾಡು ನಮ್ಮದಾಗಬಾರದು.

ಮಲೆನಾಡು, ಕೊಡಗಿನ ಮಳೆಗಾಲ ಬೇರೆಯದೇ ಸಂಗತಿ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಬಿಸಿಲೆಂಬುದಿಲ್ಲ. ಹಳೆಯ ಮನೆಗಳಲ್ಲಿ ಬಚ್ಚಲ ಹಂಡೆಯ ಒಲೆಯ ಮೇಲ್ಗಡೆ ಬಿದಿರ ಗಳಗಳನ್ನು ಅಡ್ಡ ಕಟ್ಟಿರುತ್ತಾರೆ. ಸ್ನಾನದ ನೀರಿಗೆ ಹಾಕಿದ ಬೆಂಕಿಯ ಕಾವು ಮೇಲೇರಿ ಬಟ್ಟೆಯನ್ನು ಒಣಗಿಸುತ್ತದೆ. ಒಂದೇ ಸೌದೆಗೆ ಎರಡು ಕೆಲಸ. ಬಟ್ಟೆಗೆ ಹೊಗೆಯ ವಾಸನೆ ಅಂಟುತ್ತದೆ, ಒಲೆ ಹಾಕುವವರ ಕಣ್ಣು ಶ್ವಾಸಕೋಶಗಳಿಗೂ ಅದು ಒಳ್ಳೆಯದಲ್ಲ. ಹೊಗೆ ಹೊರಹೋಗುವ ಚಿಮಣಿಯ ಒಲೆ ಹಾಕಿಸಿದ ಮನೆಗಳಲ್ಲಿ ಈ ಏರ್ಪಾಡು ಇನ್ನೂ ಚೆನ್ನಾಗಿ ನಡೆಯುತ್ತದೆ. ಅಂಥ ಊರುಗಳಲ್ಲಿ ಯಂತ್ರ ಕೊಳ್ಳುವವರು ಹಿಂಡುವ ವೇಗ ಹೆಚ್ಚಿರುವುದನ್ನು ಆರಿಸುವುದು ಒಳಿತು. ನೀರನ್ನು ತಿರುಗಿಸಿ ಚಿಮ್ಮಿಸುವುದು ಕಾಯಿಸಿ ಆವಿ ಮಾಡುವುದಕ್ಕಿಂತ ಬಹಳ ಅಗ್ಗ.

ಇಸ್ತ್ರಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಅರ್ಧ ಗಂಟೆಯಲ್ಲಿ ತಿನ್ನುವುದು ತಣ್ಣೀರ ಒಗೆತಕ್ಕಿಂತ ಹೆಚ್ಚು. ತೇವ ಪೂರ್ತಿ ಆರುವ ಮೊದಲೇ ಬಟ್ಟೆಯನ್ನು ಕೊಡವಿ, ಎಳೆದು, ಮಡಚಿಟ್ಟರೆ ಮನೆಬಟ್ಟೆಗಳಿಗೆ ಇಸ್ತ್ರಿಯೇ ಬೇಡ. ಬೀದಿಯ ಇಸ್ತ್ರಿ ಗಾಡಿಗಳ ಇದ್ದಿಲಿಗೆ ಬದಲಾಗಿ ಸೌರಶಕ್ತಿಯ ಗಾಡಿಯೊಂದನ್ನು ತಿರುವಣ್ಣಾಮಲೈನ ಶಾಲಾ ವಿದ್ಯಾರ್ಥಿನಿ ವಿನಿಶಾ ಉಮಾಶಂಕರ್ ರೂಪಿಸಿ, 2021ರಲ್ಲಿ ಅರ್ಥ್‌ಶಾಟ್ ಬಹುಮಾನದ ಅಂತಿಮ ಸುತ್ತು ತಲುಪಿದ್ದಳು.

ಒಗೆದ ನೀರು ಎಲ್ಲಿಗೆ?

ಒಗೆದ ನೀರನ್ನು ಗಿಡಗಳಿಗೆ ಬಿಡುವ ರೂಢಿ ಹಳೆಯದು, ಹಿತ್ತಿಲ ಬಾಳೆ ತೆಂಗುಗಳು ಅದರಲ್ಲೇ ಬೆಳೆದವು. ಪುಡಿಯ ಕಾಲದಲ್ಲಿ ಸ್ವಲ್ಪ ಎಚ್ಚರ ಬೇಕು. ಪುಡಿಯಲ್ಲಿರುವ ಸೋಡಿಯಂ ವರ್ಷಗಟ್ಟಲೆ ಒಂದೇ ಪಾತಿಗೆ ಬಿದ್ದರೆ ಮಣ್ಣು ಚೌಳಾಗಿ, ಬಿಗಿದು, ನೀರು ಇಂಗದಂತಾಗುತ್ತದೆ. ಮೊದಲ ಒಗೆತದ ನೀರನ್ನು ಬಿಟ್ಟು ಜಾಲಿಕೆಯ ನೀರನ್ನು ಮಾತ್ರ ಕೊಡುವುದು, ಪಾತಿಯನ್ನು ಬದಲಿಸುತ್ತಿರುವುದು, ಸೊಪ್ಪು ತರಕಾರಿಗೆ ಬಳಸದಿರುವುದು, ಸೋಡಿಯಂ ಕಡಮೆಯಿರುವ ದ್ರವ ಡಿಟರ್ಜೆಂಟು ಆರಿಸುವುದು ಉಪಾಯಗಳು. ಜಲ್ಲಿ ಮರಳಿನ ಹಾಸಿನಲ್ಲಿ ಕಾಬಾಳೆಯಂಥ ನೀರುಪ್ರಿಯ ಗಿಡ ಬೆಳೆಸಿ ಅದರ ಮೂಲಕ ಹಾಯಿಸಿದ ನೀರು ಶೌಚಾಲಯಕ್ಕೂ ಅಂಗಳ ತೊಳೆಯಲೂ ಆಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಜಾಲಿಕೆಯ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಕ್ಕೆ ಬಳಸಿದ ಮನೆಗಳು ಯಾವ ಉಪಕರಣವನ್ನೂ ಕೊಳ್ಳಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಹಲವು ಮನೆಗಳಲ್ಲಿ ಒಂದು ಲೋಪ ಉಳಿದಿರುತ್ತದೆ. ಯಂತ್ರವನ್ನು ಬಾಲ್ಕನಿಯಲ್ಲೋ ಮಾಳಿಗೆಯ ಮೇಲೋ ಇಟ್ಟು ಅದರ ಕೊಳವೆಯನ್ನು ಹತ್ತಿರದ ಮಳೆನೀರಿನ ಪೈಪಿಗೆ ಬಿಟ್ಟಿರುತ್ತಾರೆ. ಒಳಚರಂಡಿಗೆ ಹೋದ ಸಾಬೂನು ನೀರು ಶುದ್ಧೀಕರಣ ಘಟಕವನ್ನು ತಲುಪುವ ಸಾಧ್ಯತೆಯಾದರೂ ಇದೆ. ಮಳೆನೀರಿನ ಪೈಪಿನಿಂದ ಅದು ರಸ್ತೆಬದಿಯ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಯಾವ ತಡೆಯೂ ಇಲ್ಲದೆ ಕೆರೆಗೆ ಹೋಗುತ್ತದೆ. ಓದುಗರು ತಮ್ಮ ಯಂತ್ರದ ಹಿಂದಿನ ಕೊಳವೆ ಯಾವ ಪೈಪಿಗೆ ಸೇರಿದೆಯೆಂದು ಇಂದೇ ಒಮ್ಮೆ ಬಗ್ಗಿ ನೋಡಬೇಕು. ಅದು ಮಳೆನೀರಿನದಾಗಿದ್ದರೆ ಪ್ಲಂಬರನ್ನು ಕರೆಸಿ ಒಳಚರಂಡಿಗೆ ಬದಲಿಸಿಕೊಳ್ಳಬೇಕು.